ಎರಡನೇ ವಾರ್ಡಿನ ಆನೆ

ಮದುವೆಯಾದ ಹೊಸತರಲ್ಲಿ ಹಲ್ಲಿನ ಡಾಕ್ಟರಿಗೆ ತನ್ನ ಕ್ಲಿನಿಕ್ಕಿನಲ್ಲಿ ಕಳ್ಳತನವಾಗುತ್ತಿದೆ ಎಂಬ ಅನುಮಾನ ಬಂದಿತ್ತು. ಹಲ್ಲಿನ ಸಂದಿ ಕೆರೆಯುವ ಕೊಕ್ಕೆ, ಉದ್ದ ಹಿಡಿಯ ಪುಟ್ಟ ಕನ್ನಡಿ, ತೆಳ್ಳನೆಯ ಚಾಕು, ಹೀಗೆ ಒಂದೊಂದೇ ಮಾಯವಾಗುತ್ತಿದ್ದವು. ಯಾರನ್ನು ಕೇಳುವುದು, ಹೇಗೆ ಕೇಳುವುದು ಎಂದು ಅವನು ಒದ್ದಾಡುತ್ತಿರುವಾಗಲೇ ಒಂದು ದಿನ ಹೆಂಡತಿಯ ಕೈಚೀಲದಿಂದ ಅಷ್ಟೂ ಸಾಮಾನು ಊಟದ ಮೇಜಿನ ಮೇಲೆ ಉರುಳಿತು. ಒಂದೊಂದರ ತುದಿಯಲ್ಲೂ ಸುಣ್ಣ.

"ಇದೇನಿದು? ಯಾರ ಬಾಯಿಗೆ ಹಾಕಿದ್ದೆ?"

"ಹಳೇ ಅಂಚೆ ಕಚೇರಿ ಬಾಯಿಗೆ," ಎಂದಳು ಅವಳು. "ನಿಮ್ಮ ಪೇಷಂಟುಗಳ ಹಾಗೆ ಕಿರುಚಲ್ಲ, ಪಾಪ."

ಅವಳು ಪಾರಂಪರಿಕ ಕಟ್ಟಡಗಳ ತಜ್ಞೆ. ಕಟ್ಟಡ ಕೆಲಸದವರು ಅದನ್ನು ಚಿಕ್ಕದು ಮಾಡಿ 'ಗೋಡೆ ಡಾಕ್ಟ್ರು' ಎನ್ನುತ್ತಿದ್ದರು. ಅತ್ತೆ ಇನ್ನೂ ಚಿಕ್ಕದು ಮಾಡಿ, "ನಮ್ಮ ಸೊಸೆ ಗೋಡೆ ಕೆರೀತಾಳೆ" ಎಂದು ನೆಂಟರಿಗೆ ಹೇಳುತ್ತಿದ್ದರು, ಹೆಮ್ಮೆಯಿಂದಲೇ. ಹಳೆಯ ಕಟ್ಟಡವೊಂದು ರಿಪೇರಿಗೆ ಬಂದರೆ, ಯಾರೂ ಸುತ್ತಿಗೆ ಎತ್ತುವ ಮೊದಲು ಅವಳು ಹೋಗಬೇಕು. ಗೋಡೆಯ ಮೂಲೆಯಲ್ಲಿ ಅಂಗೈಯಗಲ ಜಾಗ ಆರಿಸಿಕೊಂಡು ಒಂದೊಂದೇ ಪದರ ಬಿಡಿಸುತ್ತ ಹೋಗುವಳು. ಮೊನ್ನೆ ಬಳಿದ ಹಳದಿ, ಅದರ ಕೆಳಗೆ ಯಾರದೋ ಕಾಲದ ಹಸಿರು, ಅದರ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಮತ್ತೆ ಸುಣ್ಣ. ಯಾವುದು ಯಾವ ಕಾಲದ್ದು, ಯಾವುದು ಉಳಿಯಬೇಕು, ಯಾವುದು ಹೋದರೆ ನಷ್ಟವಿಲ್ಲ ಎಂದು ಹೇಳುವ ಹೊಣೆ ಅವಳದು. ಸಂಜೆ ಮನೆಗೆ ಬಂದಾಗ ರೆಪ್ಪೆಯ ಮೇಲೂ ಬಿಳಿ ಧೂಳು ಕೂತಿರುತ್ತಿತ್ತು.

ಒಂದು ದಿನ ಊರಿನ ಮಕ್ಕಳ ಆಸ್ಪತ್ರೆಯ ಸೂಪರಿಂಟೆಂಡೆಂಟರು ಫೋನ್ ಮಾಡಿದರು. ಅವಳು ಹೋದಾಗ ಅವರು ಬಾಗಿಲಲ್ಲೇ ಕಾಯುತ್ತಿದ್ದರು.

"ಬನ್ನಿ ಮೇಡಂ, ಬನ್ನಿ. ನಿಮಗೊಂದು ಕಣ್ಣು ತೋರಿಸ್ತೀನಿ."

ಎರಡನೇ ವಾರ್ಡಿನಲ್ಲಿ ನೀರಿನ ಪೈಪು ಬದಲಿಸುತ್ತಿದ್ದರು. ಮಂಚಗಳನ್ನೆಲ್ಲ ಬೇರೆ ವಾರ್ಡಿಗೆ ಸಾಗಿಸಿದ್ದರಿಂದ ಕೋಣೆ ಖಾಲಿಯಾಗಿ ಮಾತು ಪ್ರತಿಧ್ವನಿಸುತ್ತಿತ್ತು. ಸೂರಿನ ಹತ್ತಿರ, ಪೈಪಿನ ಪಕ್ಕ, ಒಂದು ಚಕ್ಕೆ ಸುಣ್ಣ ಉದುರಿತ್ತು. ಆ ಕಿಂಡಿಯಿಂದ ಒಂದು ಕಣ್ಣು ಹೊರಗೆ ನೋಡುತ್ತಿತ್ತು. ಹಕ್ಕಿಯ ಕಣ್ಣು. ಕರಿಯ ಬೊಟ್ಟು, ಸುತ್ತ ಕಿತ್ತಳೆ ಬಣ್ಣದ ಉಂಗುರ. ಅವಳು ಏಣಿ ಹತ್ತಿ ಹತ್ತಿರದಿಂದ ನೋಡಿದಳು. ಒಂದೇ ಎಳೆತಕ್ಕೆ ಬರೆದ ಉಂಗುರ. ಹೀಗೆ ಬರೆಯುವವರು ಕೈ ಎತ್ತಿ ಎರಡನೇ ಸಲ ನೋಡುವವರಲ್ಲ.

"ಆಸ್ಪತ್ರೆ ಕಟ್ಟಿದ ಕಾಲದಲ್ಲಿ ದೊಡ್ಡ ಚಿತ್ರಕಾರರೊಬ್ಬರು ಮಗಳನ್ನ ಇಲ್ಲಿ ಸೇರಿಸಿದ್ರಂತೆ," ಎಂದರು ಸೂಪರಿಂಟೆಂಡೆಂಟರು. "ಮಗು ಹುಷಾರಾದ ಖುಷಿಗೆ ಈ ಗೋಡೆ ತುಂಬಾ ಹಕ್ಕಿ ಬರೆದುಕೊಟ್ರಂತೆ. ಬರೀ ದಂತಕಥೆ ಅಂದ್ಕೊಂಡಿದ್ವಿ. ಈಗ ನೋಡಿ!"

ಆ ಕಣ್ಣಿನ ಕೆಳಗೆ, ಗೋಡೆಯ ಉದ್ದಕ್ಕೂ ನಿಂತಿತ್ತು ಒಂದು ಆನೆ.

ಮಂಚಕ್ಕೆ ಬಳಿಯುವ ಬೂದು ಬಣ್ಣದಲ್ಲಿ ಯಾರೋ ಬರೆದದ್ದು. ಕಿವಿ ಎರಡೂ ಒಂದೇ ಕಡೆ. ಸೊಂಡಿಲಿನಲ್ಲಿ ಔಷಧದ ಬಾಟಲಿ. ಈಗಷ್ಟೇ ಒಳ್ಳೆಯ ಸುದ್ದಿ ಕೇಳಿದಂಥ ನಗು. ಕಾಲು ಐದು.

"ಇದನ್ನ ಬಿಡಿ, ಯಾರೋ ನರ್ಸ್ ಗೀಚಿದ್ದು. ತೆಗೆದುಬಿಟ್ರೆ ಹಿಂದೆ ಹಕ್ಕಿಗಳ ಹಿಂಡೇ ಇರುತ್ತೆ. ಆಸ್ಪತ್ರೆಗೆ ಮಾತ್ರ ಅಲ್ಲ, ಊರಿಗೇ ಹೆಸರು ಬರುತ್ತೆ."

"ಇರುತ್ತೆ ಅಂತ ಈಗಲೇ ಹೇಳೋಕಾಗಲ್ಲ ಸರ್. ನೋಡ್ತೀನಿ," ಎಂದಳು. ಆದರೆ ಏಣಿಯಿಂದ ಇಳಿದ ಮೇಲೂ ತಲೆಯೆತ್ತಿ ಇನ್ನೊಮ್ಮೆ ನೋಡಿದಳು. ಇಂಥ ಕಣ್ಣು ಇಡೀ ಕಸುಬಿನಲ್ಲಿ ಒಮ್ಮೆ ಸಿಕ್ಕರೆ ಪುಣ್ಯ.

ಸಂಜೆ ಊಟದ ಹೊತ್ತಿಗೆ ಅವಳು ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಆನೆಯ ಮಾತು ಬಂದಾಗ ಗಂಡನ ಕೈ ತಟ್ಟೆಯಲ್ಲೇ ನಿಂತಿತು.

"ಯಾವ ವಾರ್ಡು?"

"ಎರಡನೇದು."

"ಔಷಧಿ ಬಾಟಲಿ ಹಿಡ್ಕೊಂಡಿದ್ಯಾ?"

"ಹೌದು. ನಿಮಗೆ ಹೇಗೆ ಗೊತ್ತು?"

ಅತ್ತೆಯೇ ಹೇಳಿದರು. "ಗೊತ್ತಿಲ್ದೆ ಏನು? ಮರದಿಂದ ಬಿದ್ದು ತೊಡೆ ಮುರ್ಕೊಂಡಿದ್ದ. ಕಾಲು ಮೇಲಕ್ಕೆ ಕಟ್ಟಿ ಮಲಗಿಸಿದ್ರು, ಒಂದು ಮಳೆಗಾಲ ಪೂರ್ತಿ. ಎದುರಿಗೆ ಆ ಆನೆ. ಇಂಜೆಕ್ಷನ್ ಕೊಡೋಕೆ ಬಂದಾಗ ದೊಡ್ಡ ಸಿಸ್ಟರ್ ಹೇಳೋರು, 'ಆನೆ ಕಾಲು ಎಣಿಸು.' ಇವನು ನಾಲ್ಕು ಅನ್ನೋನು. 'ಸರಿಯಾಗಿ ಎಣಿಸೋ' ಅನ್ನೋರು. ಐದು ಅನ್ನೋಷ್ಟರಲ್ಲಿ ಸೂಜಿ ಒಳಗೆ ಹೋಗಿ ಆಚೆ ಬಂದಿರೋದು."

"ನಾನು ಪೇಷಂಟಿಗೆ ಫ್ಯಾನಿನ ರೆಕ್ಕೆ ಎಣಿಸಿ ಅಂತೀನಲ್ಲ," ಎಂದ ಗಂಡ, ತಟ್ಟೆ ನೋಡುತ್ತ. "ಅದನ್ನ ಕಾಲೇಜಲ್ಲಿ ಕಲ್ತೆ ಅಂದ್ಕೊಂಡ್ಯಾ?"

ಅವಳಿಗೆ ನಗು ಬಂತು. ಅವನ ಮುಖ ನೋಡಿ ನಗು ನುಂಗಿದಳು. "ನೋಡಿ, ನಾನು ಅಲ್ಲಿಗೆ ಹೋಗೋದು ನಿಮ್ಮ ಹೆಂಡತಿಯಾಗಿ ಅಲ್ಲ."

"ಗೊತ್ತು. ನಾನೇನೂ ಶಿಫಾರಸು ಮಾಡಲ್ಲ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ," ಎಂದರು ಅತ್ತೆ, ಇಬ್ಬರ ತಟ್ಟೆಗೂ ಬಡಿಸುತ್ತ. "ಈ ಆನೆ ಅದೃಷ್ಟ ನೋಡಿ, ಒಟ್ಟಿಗೇ ಐದು ಕಾಲು."

ಶಿಫಾರಸು ಮಾಡುವುದಿಲ್ಲ ಎಂದವನು ಮರುದಿನ ಬೆಳಿಗ್ಗೆ ಚಹಾ ಲೋಟ ಅವಳ ಮುಂದಿಟ್ಟು ಕೇಳಿದ, "ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ, ಕೆರೆದು ಹಾಕಿದ ಆನೆಗೆ ಎಷ್ಟಂತೆ?" ಅವಳು ಚೀಲ ಹೆಗಲಿಗೇರಿಸಿದಳು. ಚೀಲದಲ್ಲಿ ಅವನ ಹೊಸ ಕೊಕ್ಕೆಯೊಂದು ಕಾಣಿಸಿತು. ಅವನೇ ಇಟ್ಟಿದ್ದ.

ಕೆಲಸ ಮೇಲಿನಿಂದ ಶುರುವಾಯಿತು. ಸೂರಿನ ಕೆಳಗಿನ ಪಟ್ಟಿಯಲ್ಲಿ ಚಿತ್ರದ ಮೇಲೆ ಬರೀ ಸುಣ್ಣ ಬಳಿದಿದ್ದರು, ಅಷ್ಟೇ. ಸ್ವಲ್ಪ ಒದ್ದೆ ಮಾಡಿ, ಕೊಕ್ಕೆಯ ತುದಿಯಿಂದ ಎಬ್ಬಿಸಿದರೆ ಉಗುರಿನಷ್ಟಗಲದ ಚಕ್ಕೆಗಳು ಒಂದೊಂದೇ ಬಿಟ್ಟುಕೊಳ್ಳುತ್ತಿದ್ದವು. ಕಣ್ಣಿನ ಸುತ್ತ ತಲೆ ಮೂಡಿತು, ಕೊಕ್ಕು ಮೂಡಿತು. ಒಂದು ರೆಕ್ಕೆ ಬಿಚ್ಚಿಕೊಂಡಾಗ ಅವಳು ಕೆಲಸ ನಿಲ್ಲಿಸಿ ಏಣಿಯ ಮೇಲೇ ಕೂತುಬಿಟ್ಟಳು. ನೀಲಿಯ ಒಳಗೆ ಹಸಿರು ಎಲ್ಲಿ ಸೇರಿತು ಎಂದು ಕಣ್ಣಿಗೆ ಹೊಳೆಯದಂಥ ರೆಕ್ಕೆ. ಪಕ್ಕದಲ್ಲಿ ಇನ್ನೊಂದು ಹಕ್ಕಿ, ಅದರ ಹಿಂದೆ ಮತ್ತೊಂದು. ಎಲ್ಲವೂ ಕೆಳಗಡೆಯಿಂದ ಮೇಲಕ್ಕೆ ಹಾರುತ್ತಿದ್ದವು. ಅವುಗಳ ಎದೆಯ ಕೆಳಭಾಗ, ಕಾಲು, ಬಾಲ ಎಲ್ಲ ಕೆಳಗಿನ ದಪ್ಪ ಗಾರೆಯೊಳಗೆ ಇಳಿದು ಕಾಣದಾಗುತ್ತಿದ್ದವು. ಆ ಗಾರೆಯ ಮೇಲೆಯೇ ಆನೆ ನಿಂತಿದ್ದದ್ದು.

ಅವಳಿಗೆ ಆಸೆ ಹುಟ್ಟಿತು. ಇದನ್ನು ಅವಳು ಯಾರ ಹತ್ತಿರವೂ ಮುಚ್ಚಿಡಲಿಲ್ಲ. ಮನೆಗೆ ಬಂದು ಗಂಡನಿಗೇ ಹೇಳಿದಳು: "ಕೆಳಗೆ ಪೂರ್ತಿ ಹೀಗೇ ಇದ್ರೆ ನಿಮ್ಮ ಆನೆ ಉಳಿಯಲ್ಲ. ನಾನೇ ತೆಗೀತೀನಿ."

"ಅಷ್ಟು ಚೆನ್ನಾಗಿದ್ಯಾ?"

"ಅಷ್ಟು ಚೆನ್ನಾಗಿದೆ."

ಅವನು ಅಂಗಿಯ ಗುಂಡಿ ತಿರುವಿದ. "ಹಾಗಾದ್ರೆ ಅದನ್ನ ಬರೆದೋರನ್ನ ಒಂದು ಮಾತು ಕೇಳು. ಅಷ್ಟೇ."

ಅದನ್ನು ಅವಳು ಹೇಗೂ ಕೇಳುವವಳೇ. ಆನೆ ಬರೆದದ್ದು ಅದೇ ದೊಡ್ಡ ಸಿಸ್ಟರ್, ಅವರು ಈಗಲೂ ಇದ್ದಾರೆ, ಮಗಳ ಮನೆಯಲ್ಲಿದ್ದಾರೆ ಎಂದು ಅತ್ತೆಗೆ ಗೊತ್ತಿತ್ತು. ಅತ್ತೆ ಸೊಸೆ ಇಬ್ಬರೂ ಒಂದು ಮಧ್ಯಾಹ್ನ ಹೊರಟರು. ಟೈಲರ್ ಅಂಗಡಿಯ ಮೇಲಿನ ಮನೆ. ಕೆಳಗಿನ ಹೊಲಿಗೆ ಮೆಷಿನ್ನಿನ ಸದ್ದಿಗೆ ಮೆಟ್ಟಿಲೂ ಸಣ್ಣಗೆ ಅದುರುತ್ತಿತ್ತು. ಸಿಸ್ಟರ್ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈ ನಡುಗುತ್ತಿತ್ತು, ದನಿ ಮಾತ್ರ ಇಡೀ ವಾರ್ಡನ್ನು ಸುಮ್ಮನಾಗಿಸುವಂಥದ್ದು.

"ಆ ಆನೆನಾ?" ಎಂದು ಸಿಸ್ಟರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಇನ್ನೂ ಇದ್ಯಾ ಅದು! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಂಗೆ ಅದೂ ಆಗ್ಲಿಲ್ಲ. ದಿನಾ ಅದನ್ನ ನೋಡ್ಕೊಂಡೇ ಡ್ಯೂಟಿ ಮಾಡ್ದೆ, ದಿನಾ ನಾಚ್ಕೆ ಪಟ್ಟೆ. ಬಾಲ ಬರೆಯೋಕೆ ಹೋದೆ ಕಣಮ್ಮ, ಬಣ್ಣ ಸೋರಿ ನೆಲದ ತನಕ ಬಂತು. ಒರೆಸಿದಷ್ಟೂ ದಪ್ಪ ಆಯ್ತು. ಕೊನೆಗೆ ಕಾಲು ಅಂತ ಉಗುರು ಬರೆದುಬಿಟ್ಟೆ."

ಹಕ್ಕಿಗಳ ಮಾತೆತ್ತಿದಾಗ ಮಾತ್ರ ಅವರು ನಗು ನಿಲ್ಲಿಸಿದರು.

"ನಾನು ಕೆಲಸಕ್ಕೆ ಸೇರಿದಾಗ ಹಕ್ಕಿಗಳಿದ್ವು. ನೆಲದಿಂದ ಸೂರಿನ ತನಕ. ರಾತ್ರಿ ಪಾಳಿ ಮುಗಿದು ಬೆಳಕು ಹರಿಯೋವಾಗ ಕಿಟಕಿ ತೆಗೆದ್ರೆ ಒಂದೊಂದೇ ಎದ್ದ ಹಾಗೆ ಕಾಣೋವು. ಆಮೇಲೆ ಗೋಡೆ ಕೆಳಗಿಂದ ತೇವ ಹತ್ತಿತು. ಮಕ್ಕಳಿಗೆ ಕೆಮ್ಮು ಬರುತ್ತೆ ಅಂತ ಮೇಲಿನೋರು ಕೆಳಗೆ ಗಾರೆ ಹಾಕ್ಸಿ, ಸೂರಿನ ತನಕ ಸುಣ್ಣ ಬಳಿಸಿದ್ರು. ನಾನು ರಜೆ ಮುಗಿಸಿ ಬರೋಷ್ಟರಲ್ಲಿ ಬೋಳು ಗೋಡೆ. ಮಕ್ಕಳೆಲ್ಲ 'ಹಕ್ಕಿ ಎಲ್ಲಿ, ಹಕ್ಕಿ ಎಲ್ಲಿ' ಅಂತ ಅಳೋವು. ನಂಗೆ ಹಕ್ಕಿ ಬರೆಯೋಕೆ ಬರ್ತಿರ್ಲಿಲ್ಲ. ಮಂಚದ ಬಣ್ಣ ಮಿಕ್ಕಿತ್ತು. ಬೂದು ಬಣ್ಣಕ್ಕೆ ಇನ್ನೇನು ಬರೆಯೋದು? ಆನೆ ಬರೆದೆ." ಅವರು ಮುಂದೆ ಬಾಗಿ ಅವಳ ಮೊಣಕೈ ಹಿಡಿದರು. "ಅದನ್ನ ಕೆರೆದು ಹಾಕಿಬಿಡು ತಾಯಿ. ಹಕ್ಕಿ ವಾಪಸ್ ಬರ್ಲಿ. ಸಾಯೋ ಮುಂಚೆ ಒಂದ್ಸಲ ನೋಡ್ತೀನಿ."

ಮೆಟ್ಟಿಲಿಳಿಯುವಾಗ ಅತ್ತೆ ಹೇಳಿದರು, "ನಿನ್ನ ಕೆಲಸ ಸಲೀಸಾಯ್ತಲ್ಲ."

"ಹೂಂ ಅತ್ತೆ," ಎಂದಳು. ಆದರೆ ಸಲೀಸಾಯಿತು ಎಂದು ಅವಳಿಗೆ ಅನ್ನಿಸಲಿಲ್ಲ. ಎಲ್ಲರೂ ಒಪ್ಪಿದ್ದಾರೆ, ತನ್ನ ಆಸೆಯೂ ಅದೇ ಆಗಿದೆ. ಹೀಗೆ ಎಲ್ಲ ಒಂದೇ ಕಡೆ ವಾಲಿದಾಗ ಅವಳ ಕೈ ತಾನಾಗಿ ನಿಧಾನವಾಗುತ್ತಿತ್ತು. ಕಸುಬು ಕಲಿಸಿದ ಅಭ್ಯಾಸ ಅದು.

ಮರುದಿನ ಅವಳು ಗಾರೆಗೆ ಕೈ ಹಾಕಿದಳು. ಮೊದಲು ಆನೆಯ ಬೆನ್ನ ಹಿಂದೆ ಒಂದು ಪುಟ್ಟ ಕಿಂಡಿ ತೆರೆದಳು. ಗಾರೆಯ ಚಕ್ಕೆ ಎದ್ದು ಬಂತು, ಕೆಳಗೆ ನೀಲಿ ಕಂಡಿತು. ಜೀವ ಕುಣಿಯಿತು. ಬ್ರಷ್ಷಿನಿಂದ ಧೂಳು ಸವರಿದರೆ ನೀಲಿಯ ನಡುವೆ ಒಂದು ಗುಳಿ, ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹೊಸ ಗಾರೆ ಕಚ್ಚಿಕೊಳ್ಳಲಿ ಎಂದು ಹಳೆಯ ಗೋಡೆಯನ್ನು ಉಳಿಯಿಂದ ಕೊಚ್ಚುವುದು ವಾಡಿಕೆ. ಕೊಚ್ಚಿದವರು ತಮ್ಮ ಕೆಲಸವನ್ನು ನೆಟ್ಟಗೇ ಮಾಡಿದ್ದರು.

ಕಾಲುಗಳ ನಡುವೆ ಕಿಂಡಿ ತೆರೆದಳು: ಗುಳಿ, ಪುಡಿ. ಕಿವಿಯ ಪಕ್ಕ: ಪುಡಿ. ಪೂರ್ತಿ ಖಾತ್ರಿಯಾಗಬೇಕಾದರೆ ಆನೆಯ ಮೈಯಲ್ಲೇ ಒಂದು ಕಡೆ ತೆರೆಯಬೇಕಿತ್ತು. ಆ ಸಂಜೆ ಗಂಡನಿಗೆ ಹೇಳಿದಾಗ ಅವನು ತನ್ನ ಹೊಟ್ಟೆಯನ್ನೇ ಹಿಡಿದುಕೊಂಡ.

"ಹೊಟ್ಟೆಗೇ ಕೊಕ್ಕೆ ಹಾಕಿದ್ಯಾ?"

"ಹೆಬ್ಬೆರಳಿನ ಉಗುರಿನಷ್ಟು. ಮುಚ್ಚಿಬಿಡ್ತೀನಿ, ಗೊತ್ತಾಗಲ್ಲ."

"ಏನಿತ್ತು ಒಳಗೆ?"

"ಏನೂ ಇಲ್ಲ," ಎಂದಳು. ಅವನು ಗೆದ್ದವನ ಹಾಗೆ ನಗಲಿಲ್ಲ. ಎದ್ದು ಬಂದು ಅವಳ ತಲೆಗೂದಲಿನ ಸುಣ್ಣವನ್ನು ಬೆರಳಿನಿಂದ ತೆಗೆಯುತ್ತ ನಿಂತ.

ಸೂಪರಿಂಟೆಂಡೆಂಟರಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು.

"ಹಾಳಾಗಿದ್ರೆ ಏನಂತೆ, ತುಂಬಿಸಿ ಬರೆದುಬಿಡಿ. ಮೇಲೆ ಅಷ್ಟು ಹಕ್ಕಿ ಸಿಕ್ಕಿದ್ಯಲ್ಲ, ಅದನ್ನ ನೋಡ್ಕೊಂಡು ಕೆಳಗೂ ಹಾಗೇ. ನೀವು ಎಕ್ಸ್‌ಪರ್ಟು, ನಿಮಗೇನು ಕಷ್ಟ?"

"ಬರೀಬಹುದು ಸರ್. ಆದ್ರೆ ಅದು ನಾನು ಬರೆದ ಹಕ್ಕಿ ಆಗುತ್ತೆ. ಜನ ಅವರದು ಅಂದ್ಕೊಂಡು ನೋಡ್ತಾರೆ. ಇರೋ ಆನೆ ಕೆರೆದು ಇಲ್ಲದ ಹಕ್ಕಿ ಬರೆಯೋದಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನ್ರು ಇದೇ ವಾರ್ಡಲ್ಲಿ ಇದ್ರಂತೆ?"

ಅವಳಿಗೆ ಸಿಟ್ಟು ಬಂದದ್ದು ನಿಜ. ಆದರೆ ತಾನು ಅವರ ಜಾಗದಲ್ಲಿದ್ದರೆ ಕೇಳಬೇಕಾದ ಪ್ರಶ್ನೆಯೇ ಅದು ಎಂದೂ ಅನ್ನಿಸಿತು.

"ಇದ್ರು. ಈ ಮಾತನ್ನ ಮೊದಲೇ ನಾನೇ ನಿಮಗೆ ಹೇಳಬೇಕಿತ್ತು. ನನ್ನ ಮಾತು ನಂಬಬೇಡಿ, ಬೇರೆ ಊರಿಂದ ಇನ್ನೊಬ್ಬರನ್ನ ಕರೆಸಿ ನೋಡಿ. ಅದಕ್ಕೂ ಮೊದಲು ಬನ್ನಿ, ನೀವೇ ಮುಟ್ಟಿ."

ವಾರ್ಡಿಗೆ ಕರೆದುಕೊಂಡು ಹೋಗಿ ಅವರ ತೋರುಬೆರಳನ್ನು ಹಿಡಿದು ಆನೆಯ ಬೆನ್ನ ಹಿಂದಿನ ಕಿಂಡಿಯೊಳಗಿನ ಗುಳಿಗೆ ಇಡಿಸಿದಳು. ಆಮೇಲೆ ಪಕ್ಕದ್ದಕ್ಕೆ, ಆಮೇಲೆ ಕಾಲುಗಳ ನಡುವಿನದಕ್ಕೆ. ಅವರ ಬೆರಳ ತುದಿಗೆ ನೀಲಿ ಪುಡಿ ಅಂಟಿತು. ಅವರು ಮಕ್ಕಳ ಡಾಕ್ಟರು. ಕೈಯಿಂದ ಮುಟ್ಟಿದ್ದನ್ನು ಅಲ್ಲಗಳೆಯುವವರಲ್ಲ.

"ಪೂರ್ತಿ ಹೀಗೇನಾ?"

"ಗಾರೆ ಇರೋ ಕಡೆಯೆಲ್ಲ ಹೀಗೇ. ಮೇಲಿನ ಪಟ್ಟಿ ಮಾತ್ರ ಉಳಿದಿದೆ."

ಅವರು ನೀಲಿ ಬೆರಳನ್ನು ನೋಡಿಕೊಳ್ಳುತ್ತ ನಿಂತರು. "ಎಕ್ಸ್‌ಪರ್ಟ್ ಬಂದ್ರೆ ಏನೋ ತೆಗೆದು ತೋರಿಸ್ತಾರೆ ಅಂದ್ಕೊಂಡಿದ್ದೆ."

"ಒಂದು ಸಲ ಕೆರೆದದ್ದು ವಾಪಸ್ ಬರಲ್ಲ ಸರ್. ಅದು ಗೊತ್ತಿರೋದೇ ನನ್ನ ಕಸುಬು. ಉಳಿದದ್ದೆಲ್ಲ ಕೈಚಳಕ."

ಬೇರೆ ಊರಿನಿಂದ ಅವರು ಯಾರನ್ನೂ ಕರೆಸಲಿಲ್ಲ. ಮೇಲಿನ ಪಟ್ಟಿಯ ಹಕ್ಕಿಗಳನ್ನು ಪೂರ್ತಿ ಬಿಡಿಸುವುದು, ಕೆಳಗಿನ ಆನೆಯನ್ನು ಇದ್ದ ಹಾಗೇ ಬಿಡುವುದು ಎಂದು ತೀರ್ಮಾನವಾಯಿತು.

ಕೆಲಸ ಮುಗಿದ ಮೇಲೆ, ವಾರ್ಡು ತೆರೆಯುವ ಮುನ್ನ, ದೊಡ್ಡ ಸಿಸ್ಟರನ್ನು ಕರೆತಂದರು. ಅತ್ತೆ ಒಂದು ಕೈ ಹಿಡಿದಿದ್ದರು, ಗಂಡ ಕ್ಲಿನಿಕ್ಕಿಗೆ ಬೀಗ ಹಾಕಿ ಬಂದು ಇನ್ನೊಂದು ಕೈ ಹಿಡಿದಿದ್ದ. ಕೆಳಗಿನ ಹಕ್ಕಿಗಳೆಲ್ಲ ಹೋಗಿವೆ ಎಂದು ಅವಳು ಮೊದಲೇ ಹೇಳಿದ್ದಳು. ಆದರೂ ಬಾಗಿಲು ದಾಟುವಾಗ ಗೋಡೆ ಬಿಟ್ಟು ಸಿಸ್ಟರ ಮುಖವನ್ನೇ ನೋಡುತ್ತಿದ್ದಳು.

ಸಿಸ್ಟರ್ ತಲೆಯೆತ್ತಿ ನೋಡಿದರು. ಸೂರಿನ ಕೆಳಗೆ ಗೋಡೆಯುದ್ದಕ್ಕೂ ತಲೆಗಳು, ಕೊಕ್ಕುಗಳು, ಎತ್ತಿದ ರೆಕ್ಕೆಗಳು. ಆನೆಯ ಬೆನ್ನಿನಿಂದಲೇ ಹಾರಿ ಹೊರಟ ಹಾಗೆ. ಅವರ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಇದು ಇತ್ತು," ಎಂದರು ಬೆರಳು ತೋರಿಸಿ. "ಅದೂ ಇತ್ತು. ಆ ನೀಲಿದು ನನ್ನ ಕುರ್ಚಿಗೆ ನೇರ ಮೇಲೆ ಇತ್ತು."

ಆಮೇಲೆ ದೃಷ್ಟಿ ಕೆಳಗಿಳಿದು ಆನೆಯ ಮೇಲೆ ಬಿತ್ತು. ಅಳುತ್ತಿದ್ದವರು ನಗತೊಡಗಿದರು. "ಥೂ, ನೀನಿನ್ನೂ ಹಲ್ಲು ಕಿರೀತಿದ್ಯಾ?" ಹತ್ತಿರ ಹೋಗಿ ಸೊಂಡಿಲು ಸವರಿದರು. "ಬಣ್ಣ ಇದ್ರೆ ಕೊಡಮ್ಮ. ಆ ಐದನೇ ಕಾಲನ್ನಾದ್ರೂ ಒರೆಸಿಬಿಡ್ತೀನಿ. ಇಷ್ಟು ಒಳ್ಳೇ ಹಕ್ಕಿ ಕೆಳಗೆ ಅದು ಬೇಡ."

ಬರೆದವರು ಬದುಕಿದ್ದರೆ ಅವರ ಮಾತು ಕೇಳಬೇಕು ಎನ್ನುವುದು ಅವಳು ಪಾಲಿಸಿಕೊಂಡು ಬಂದ ಪದ್ಧತಿ. ಬರೆದವರು ಎದುರಿಗೇ ನಿಂತು ಕೇಳುತ್ತಿದ್ದಾರೆ.

"ಸಿಸ್ಟರ್," ಎಂದಳು ಕೊನೆಗೆ, "ಆನೆ ಬರೆದದ್ದು ನೀವು, ನಿಜ. ಆದ್ರೆ ಆ ಕಾಲು ಎಣಿಸಿದೋರು ಎಷ್ಟು ಜನ ಇದ್ದಾರೆ? ಅದನ್ನ ತೆಗೀಬೇಕಂದ್ರೆ ಅವರನ್ನೂ ಕೇಳಬೇಕಾಗುತ್ತೆ."

"ಅವರನ್ನೆಲ್ಲ ಎಲ್ಲಿ ಹುಡುಕ್ತೀಯ?"

"ಒಬ್ಬ ಇಲ್ಲೇ ಇದ್ದೀನಿ," ಎಂದ ಗಂಡ. "ನಾನು ಒಪ್ಪಲ್ಲ."

ಸಿಸ್ಟರ್ ಕಣ್ಣು ಕಿರಿದು ಮಾಡಿ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ಯಾರಪ್ಪ ನೀನು?"

"ತೊಡೆ ಮುರ್ಕೊಂಡಿದ್ದೆ. ಆ ಮೂಲೆ ಮಂಚ."

"ಓ! ಔಷಧಿ ಉಗೀತಿದ್ದೋನು!"

"ಅವನೇ," ಎಂದರು ಅತ್ತೆ. "ಈಗ ಬೇರೆಯೋರ ಕೈಲಿ ಉಗಿಸ್ತಾನೆ."

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾಗಿ ಕುರ್ಚಿ ಕೇಳಿ ಕೂತರು. ಆದರೆ ಕೈಗೆ ಬಣ್ಣದ ಆಸೆ ಹತ್ತಿಬಿಟ್ಟಿತ್ತು. ಬೆರಳುಗಳು ಮಡಿಲಲ್ಲೇ ಏನೋ ಗೀಚುತ್ತಿದ್ದವು. ಅವಳು ಅದನ್ನು ಗಮನಿಸಿ ಎದುರು ಗೋಡೆ ತೋರಿಸಿದಳು. ಅದು ಪೈಪಿನ ಕೆಲಸಕ್ಕೆಂದು ಒಡೆದು ಹೊಸದಾಗಿ ಕಟ್ಟಿದ ಗೋಡೆ. ಅದರ ಕೆಳಗೆ ಯಾರ ಕಾಲದ ಏನೂ ಇಲ್ಲ ಎಂದು ಅವಳು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು. ಸೂಪರಿಂಟೆಂಡೆಂಟರ ಮುಖ ನೋಡಿದಳು. ಅವರು ನಿಟ್ಟುಸಿರು ಬಿಟ್ಟು, "ನೀರಿಗಿಳಿದ ಮೇಲೆ ಚಳಿ ಏನು, ಬರೀಲಿ ಬಿಡಿ," ಎಂದರು.

ವಾರ್ಡಿಗೆ ಬಳಿದು ಮಿಕ್ಕ ಬಣ್ಣದ ಡಬ್ಬಗಳನ್ನು ತರಿಸಿಕೊಂಡು, ಸಿಸ್ಟರ್ ಕುರ್ಚಿಯಲ್ಲಿ ಕೂತೇ, ಮಂಚದ ಎತ್ತರಕ್ಕೆ, ಒಂದು ಮರಿಯಾನೆ ಬರೆದರು. ಕೈ ನಡುಗಿ ಬೆನ್ನು ಡೊಂಕಾಯಿತು. ಕಾಲಿನ ಸರದಿ ಬಂದಾಗ ಸ್ವಲ್ಪ ಹೊತ್ತು ಯೋಚಿಸಿ, ಹಸಿರು ಡಬ್ಬಕ್ಕೆ ಬ್ರಷ್ ಅದ್ದಿ ಆನೆಯ ಹೊಟ್ಟೆಯ ತನಕ ಹುಲ್ಲು ಬೆಳೆಸಿಬಿಟ್ಟರು.

"ಎಣಿಸೋ ಗೋಳೇ ಬೇಡ," ಎಂದರು.

ಮಾರನೆಯ ವಾರ ಮಂಚಗಳು ವಾಪಸ್ ಬಂದವು, ಮಕ್ಕಳೂ ಬಂದರು. ಬಾಗಿಲ ಪಕ್ಕದ ಫಲಕದಲ್ಲಿ ಚಿತ್ರಕಾರರ ಹೆಸರಿನ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಸಿಸ್ಟರ ಹೆಸರನ್ನೂ ಬರೆಸಿದ್ದರು. ಅದನ್ನು ಬರೆಸಲು ಸೂಪರಿಂಟೆಂಡೆಂಟರ ಜೊತೆ ಅವಳು ಇನ್ನೊಂದು ಸುತ್ತು ಜಗಳವಾಡಬೇಕಾಯಿತು. ಆ ಹೊತ್ತಿಗೆ ಇಬ್ಬರಿಗೂ ಜಗಳದಲ್ಲಿ ರುಚಿ ಹತ್ತಿತ್ತು.

ಆ ದಿನ ಅವಳು ಫಲಕದ ಸುತ್ತ ಸುಣ್ಣ ಸವರಿ ಮುಗಿಸಿದ ಮೇಲೆ ಗಂಡ ಹೆಂಡತಿ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಹೊರಟರು. ಸಂಜೆಯ ಬೀದಿ, ಅಂಗಡಿಗಳ ದೀಪ ಹತ್ತುವ ಹೊತ್ತು. ಅವನು ತಲೆ ಮೇಲೆತ್ತಿಕೊಂಡೇ ನಡೆಯುತ್ತಿದ್ದ. ಆನೆ ಉಳಿದ ಖುಷಿಯಲ್ಲಿದ್ದಾನೆ ಎಂದುಕೊಂಡಳು.

"ಹಕ್ಕಿ ಚೆನ್ನಾಗಿವೆ," ಎಂದ ಅವನು ಇದ್ದಕ್ಕಿದ್ದಂತೆ.

"ಹೂಂ."

"ಇಡೀ ಮಳೆಗಾಲ ಅವುಗಳ ಕೆಳಗೇ ಮಲಗಿದ್ದೆ ನೋಡು. ಒಂದೂ ಗೊತ್ತಿರ್ಲಿಲ್ಲ."

ಅವಳು ಅವನ ತೋಳಿಗೆ ಕೈ ಸೇರಿಸಿದಳು. ಅವನ ಅಂಗಿಯ ಮೇಲೆ ಐದು ಬೆರಳಿನ ಸುಣ್ಣದ ಗುರುತು ಮೂಡಿತು. ಅವನು ನೋಡಿದ, ಒರೆಸಲಿಲ್ಲ. ಇಬ್ಬರೂ ರಸ್ತೆ ದಾಟಿದರು.